ಯಂತ್ರದೊಡನೆ ಏಕಾಂತ

ಮೇಲಧಿಕಾರಿಯನ್ನೇ ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡ ಕಾರ್ಯದರ್ಶಿನಿಯೊಬ್ಬರ ಪ್ರಸಂಗವು ಗಣಕಯಂತ್ರಗಳ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಜೋಸೆಫ್ ವೈಜನ್‌ಬಾಮ್ ಅವರು 1966ರಲ್ಲಿ ‘ಎಲೈಜಾ’ ಎಂಬ, ಮನುಷ್ಯರೊಡನೆ ಸಂಭಾಷಿಸುವ ಪ್ರೋಗ್ರಾಮನ್ನು ಲೋಕಕ್ಕೆ ಪರಿಚಯಿಸಿದರು. ಮನೋವೈದ್ಯರ ಧಾಟಿಯಲ್ಲಿ, ಎದುರಿನವರ ಮಾತನ್ನೇ ತಿರುವಿ ಪ್ರಶ್ನೆಯಾಗಿ ಒಪ್ಪಿಸುವುದಷ್ಟೇ ಅದರ ವಿದ್ಯೆ. ಮಾತಿನ ಅರ್ಥ ಅದಕ್ಕೆ ತಿಳಿಯದು. ಪ್ರಾಧ್ಯಾಪಕರು ಅದನ್ನು ರಚಿಸುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡವರು ಅವರ ಕಾರ್ಯದರ್ಶಿನಿ. ಆದರೂ ಅದರೊಡನೆ ನಾಲ್ಕು ಮಾತನಾಡುವಷ್ಟರಲ್ಲಿಯೇ ಆಕೆ, ಸ್ವಲ್ಪ ಹೊರಗೆ ಹೋಗಬೇಕೆಂದು ಪ್ರಾಧ್ಯಾಪಕರನ್ನು ವಿನಂತಿಸಿಕೊಂಡರು!

ಬುದ್ಧಿಯಿಲ್ಲದ ಯಂತ್ರಕ್ಕೆ ಮನಸ್ಸನ್ನು ತೆರೆದಿಡುವುದೆಂದರೇನೆಂದು ಪ್ರಾಧ್ಯಾಪಕರು ಬೆರಗಾದರು. ಆದರೆ ಈ ಪ್ರಸಂಗಕ್ಕೆ ಇನ್ನೊಂದು ಮುಖವೂ ಉಂಟು. ಯಂತ್ರ ಕೇಳಿಸಿಕೊಂಡರೆ ಆಕೆಗೆ ಸಂಕೋಚವಿರಲಿಲ್ಲ. ಅಧಿಕಾರಿ ಕೇಳಿಸಿಕೊಳ್ಳುವುದೇ ಸಂಕೋಚಕ್ಕೆ ಕಾರಣ.

ಇಂದು ಪತ್ರ ಬರೆಯುವ, ವರದಿ ಸಿದ್ಧಪಡಿಸುವ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕಚೇರಿಯ ಮೇಜಿನ ಮೇಲೆ ಬಂದು ಕುಳಿತಿವೆ. ಸಂಕೋಚ ಮಾತ್ರ ಮಾಯವಾಗಿಲ್ಲ. 2024ರಲ್ಲಿ ಮೈಕ್ರೋಸಾಫ್ಟ್ ಮತ್ತು ಲಿಂಕ್ಡ್‌ಇನ್ ಸಂಸ್ಥೆಗಳು 31 ದೇಶಗಳ 31,000 ಜನರನ್ನು ವಿಚಾರಿಸಿದವು. ಕೆಲಸದಲ್ಲಿ ಈ ನೆರವನ್ನು ಪಡೆಯುವವರ ಪೈಕಿ ಶೇಕಡಾ 52 ಮಂದಿ, ಮುಖ್ಯವಾದ ಕೆಲಸಗಳಿಗೆ ಅದನ್ನು ಬಳಸಿದೆವೆಂದು ಒಪ್ಪಿಕೊಳ್ಳಲು ಹಿಂಜರಿದರು. ಒಪ್ಪಿಕೊಂಡರೆ, ಯಂತ್ರವೇ ಮಾಡುವುದಾದರೆ ನೀನೇಕೆ ಎಂಬ ಪ್ರಶ್ನೆ ಬಂದೀತು, ಬಳಸದಿದ್ದರೆ ಹಿಂದುಳಿಯಬೇಕಾದೀತು. ಅತ್ತ ದರಿ, ಇತ್ತ ಪುಲಿ!

ಈ ಅಳುಕು ನಿರಾಧಾರವಲ್ಲ. ಗ್ರಾಹಕರ ತೊಂದರೆಗಳನ್ನು ಬಗೆಹರಿಸುವ 5,179 ನೌಕರರ ಕೆಲಸವನ್ನು ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯಾಲ್ಫ್‌ಸನ್ ಮತ್ತು ಅವರ ಸಂಗಡಿಗರು ಪರಿಶೀಲಿಸಿ, 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಂತ್ರದ ಸಲಹೆಯಿಂದ, ತಾಸಿಗೆ ಬಗೆಹರಿದ ಪ್ರಕರಣಗಳು ಸರಾಸರಿ ಶೇಕಡಾ 14ರಷ್ಟು ಹೆಚ್ಚಿದ್ದವು. ಹೊಸಬರಲ್ಲಿ ಈ ಏರಿಕೆ ಶೇಕಡಾ 34. ಪಳಗಿದ ಕೈಗಳಿಗೆ ದೊರೆತ ಲಾಭ ಅತ್ಯಲ್ಪ. ಬಹುಶಃ ನಿಪುಣರ ಜಾಣ್ಮೆಯನ್ನೇ ಯಂತ್ರವು ಹೊಸಬರಿಗೆ ಹಂಚಿತೆಂಬುದು ಸಂಶೋಧಕರ ಅಭಿಪ್ರಾಯ. ಹೊಸಬನ ಪಾಲಿಗೆ ಯಂತ್ರವು ಗುರು. ಹಳಬನ ಪಾಲಿಗೋ, ವಿದ್ಯೆಯನ್ನು ಕಲಿತು ದಕ್ಷಿಣೆ ಕೊಡದೆ ಹೋದ ಶಿಷ್ಯ!

ಆ ದಕ್ಷಿಣೆಯನ್ನು ಯಂತ್ರ ಕೊಡಲಾರದು. ಕೊಡಬೇಕಾದವನು ಧಣಿ. ಹಳಬನ ಅನುಭವಕ್ಕೆ ಮನ್ನಣೆ ಸಿಕ್ಕೀತೆ? ಉಳಿದ ಸಮಯ ನೌಕರನ ವಿರಾಮಕ್ಕೋ, ಅವನ ವಜಾಕ್ಕೋ? ಇವಕ್ಕೆ ಉತ್ತರ ತಿಳಿಯದವರೆಗೆ, ಸಂಜೆ ಮನೆಗೆ ಮರಳಿದ ಮಗನೋ ಮಗಳೋ ಹೊಸ ಸಹಾಯಕದ ಚಮತ್ಕಾರವನ್ನು ಮನೆಯವರ ಮುಂದೆ ಸಂಭ್ರಮದಿಂದ ಬಣ್ಣಿಸಿ, ಮರುದಿನ ಕಚೇರಿಯಲ್ಲಿ ಆ ಮಾತನ್ನೇ ಎತ್ತದಿದ್ದರೆ ಆಶ್ಚರ್ಯವಿಲ್ಲ.

ಯಂತ್ರದಲ್ಲಿ ನಿನಗೆ ನಂಬಿಕೆಯುಂಟೆ ಎಂದು ನೌಕರನನ್ನು ಕೇಳುವ ಮೊದಲು, ತನ್ನಲ್ಲಿ ಅವನಿಗೆ ನಂಬಿಕೆಯುಂಟೆ ಎಂದು ಅಧಿಕಾರಿಯು ವಿಚಾರಿಸಿಕೊಳ್ಳುವುದು ಮೇಲು. ಅಂದು ಕೋಣೆಯ ಬಾಗಿಲಾಚೆ ನಿಲ್ಲಬೇಕಾದುದು ಯಂತ್ರವಲ್ಲ, ಅಧಿಕಾರಿ.