ಒಂದು ಬಾಗಿಲಿಗೆ ಒಬ್ಬನೇ ಕಾವಲುಗಾರ ಸಾಕು

ಮಕ್ಕಳೇ, ನಮ್ಮ ಶಾಲೆಯಲ್ಲಿ 40 ಮಕ್ಕಳಿಗೆ ಒಂದೇ ಕಂಪ್ಯೂಟರ್. ಒಬ್ಬೊಬ್ಬರ ಸರದಿಗೆ ಸಿಗುವುದು 10 ನಿಮಿಷ. ಒಮ್ಮೆ ಅದು ಬಹಳ ನಿಧಾನವಾಯಿತು. ಒಂದು ಚಿತ್ರ ತೆರೆಯುವಷ್ಟರಲ್ಲಿ ಸರದಿಯೇ ಮುಗಿದುಹೋಗುತ್ತಿತ್ತು. ವೈರಸ್ ಬಂದಿದೆ ಎಂದುಕೊಂಡೆವು. ಹುಡುಕಿದರೆ ಅದರಲ್ಲಿ ವೈರಸ್ ಇರಲಿಲ್ಲ, ಎರಡು ಆಂಟಿವೈರಸ್ ಇದ್ದವು! ‘ಇನ್ನೊಂದಿದ್ದರೆ ಇನ್ನೂ ಭದ್ರ’ ಎಂದು ನಾವೇ ಎರಡನೆಯದನ್ನು ಹಾಕಿದ್ದೆವು.

ಆಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರನಂತೆ. ನಾವು ಕಡತವನ್ನು ತೆರೆಯುವಾಗ ಅದನ್ನು ತಡೆದು, ಪರೀಕ್ಷಿಸಿ, ಆಮೇಲೆ ಬಿಡುತ್ತದೆ. ಕಾವಲುಗಾರರು ಇಬ್ಬರಾದರೆ? ಪರೀಕ್ಷಿಸಲೆಂದು ಒಬ್ಬ ಕಡತ ತೆರೆದರೆ, ‘ಯಾರೋ ತೆರೆದರು’ ಎಂದು ಇನ್ನೊಬ್ಬನೂ ಪರೀಕ್ಷೆಗೆ ತೊಡಗುತ್ತಾನೆ. ಒಂದೇ ಕೆಲಸ ಎರಡು ಸಲ ನಡೆದು ಕಂಪ್ಯೂಟರ್ ಬಳಲುತ್ತದೆ.

ಇನ್ನೊಂದು ತೊಂದರೆಯೂ ಇದೆ. ಪ್ರತಿ ಆಂಟಿವೈರಸ್ ಬಳಿಯೂ ವೈರಸ್‌ಗಳ ಗುರುತಿನ ಪಟ್ಟಿ ಇರುತ್ತದೆ. ಸಿಕ್ಕಿಬಿದ್ದ ವೈರಸನ್ನು ಅದು ಬೇರೆ ಕಡೆ ಕೂಡಿಹಾಕುತ್ತದೆ. ಇದನ್ನು ಕಂಡ ಮತ್ತೊಂದು ಆಂಟಿವೈರಸ್, ಕಾವಲುಗಾರನನ್ನೇ ಕಳ್ಳನೆಂದು ಹಿಡಿಯಬಹುದು!

‘ಒಂದರ ಕಣ್ಣಿಗೆ ಬೀಳದ್ದು ಇನ್ನೊಂದಕ್ಕೆ ಕಾಣಬಹುದಲ್ಲ?’ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಯಾವ ಆಂಟಿವೈರಸ್ ಕೂಡ ಎಲ್ಲ ವೈರಸ್‌ಗಳನ್ನೂ ಹಿಡಿಯಲಾರದು. ಆದರೆ ಅದಕ್ಕಾಗಿ ಇಬ್ಬರನ್ನೂ ಸದಾ ಬಾಗಿಲಲ್ಲಿ ನಿಲ್ಲಿಸಬೇಕಿಲ್ಲ. ಕರೆದಾಗ ಮಾತ್ರ ಬಂದು ಪರೀಕ್ಷಿಸಿ ಹೋಗುವ ತಂತ್ರಾಂಶಗಳೂ ಇವೆ. ಅನುಮಾನ ಬಂದಾಗ ಅವನ್ನು ಬಳಸೋಣ. 2012ರಲ್ಲಿ ಬಂದ ವಿಂಡೋಸ್ 8ರ ಜೊತೆಗೇ ಡಿಫೆಂಡರ್ ಎಂಬ ಆಂಟಿವೈರಸ್ ಇತ್ತು. ಬೇರೊಂದನ್ನು ಹಾಕಿದರೆ ಅದು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತು. ಎರಡು ಒಟ್ಟಿಗೆ ಬೇಡವೆಂಬುದನ್ನು ತಯಾರಕರೂ ಒಪ್ಪಿದಂತಾಯಿತು, ಅಲ್ಲವೇ?

ಆಂಟಿವೈರಸ್ ಬದಲಿಸಬೇಕಾದರೆ ಮೊದಲು ಹಳೆಯದನ್ನು ಪೂರ್ತಿಯಾಗಿ ತೆಗೆಯಬೇಕು. ಪರದೆಯ ಮೇಲಿನ ಚಿಹ್ನೆಯನ್ನು ಅಳಿಸಿದರೆ ಸಾಲದು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ತೆಗೆದುಹಾಕಿ, ಕಂಪ್ಯೂಟರನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಆಮೇಲೆ ಹೊಸದನ್ನು ಹಾಕಬೇಕು. ಈ ಕೆಲಸವನ್ನು ಶಿಕ್ಷಕರ ಜೊತೆಗೇ ಮಾಡಿ.

ನಾವು ಹೀಗೆಯೇ ಒಂದನ್ನು ತೆಗೆದೆವು. ಮಕ್ಕಳ 10 ನಿಮಿಷ ಮಕ್ಕಳಿಗೆ ಮರಳಿ ಸಿಕ್ಕಿತು. ಹೊಸ ವೈರಸ್‌ಗಳು ದಿನವೂ ಹುಟ್ಟುತ್ತಿರುತ್ತವೆ. ಹೆಚ್ಚು ಕಾವಲುಗಾರರಿದ್ದರೆ ಹೆಚ್ಚು ಭದ್ರತೆ ಎಂಬುದು ನಮ್ಮ ಭ್ರಮೆ. ಇರುವುದು ಒಂದೇ ಆಗಿರಲಿ, ಅದರ ಪಟ್ಟಿ ಮಾತ್ರ ಸದಾ ಹೊಸದಾಗಿರಲಿ.