ಒಂದೇ ಮ್ಯಾಚಿನ ಸೀಸನ್: ಕಾಲೇಜು ವಾಲಿಬಾಲ್ ಡ್ರಾ ನೋಡುವಾಗ ನಾವು ಕೇಳದ ಪ್ರಶ್ನೆ

ಮಳೆ ಬಿಡುವ ಹೊತ್ತಿಗೆ ಮಂಗಳೂರಿನ ಕಾಲೇಜುಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಕಾಗದದ ಫೋಟೋ ಓಡಾಡಲು ಶುರುವಾಗುತ್ತದೆ. ಅಂತರ್ ಕಾಲೇಜು ವಾಲಿಬಾಲ್ ಪಂದ್ಯಾಟದ ಡ್ರಾ. ಅದರ ಕೆಳಗೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನಮ್ಮ ಸೈಡ್ ಹೇಗುಂಟು?" ಉತ್ತರವೂ ಎರಡೇ ಬಗೆಯದು. ಒಂದೋ "ಸುಲಭ ಮಾರಾಯ, ಸೆಮಿ ತನಕ ಟೆನ್ಶನ್ ಇಲ್ಲ". ಇಲ್ಲವೋ "ಮೊದಲ ಮ್ಯಾಚೇ ಉಜಿರೆ, ಬ್ಯಾಗ್ ಬಿಚ್ಚೋದೇ ಬೇಡ".

ನಾನು ಎಂಜಿನಿಯರಿಂಗ್ ಓದುವಾಗ ಕಾಲೇಜು ತಂಡದ ಬೆಂಚಿನಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿದ್ದವನು. ಕೊನೆಯ ವರ್ಷ ನಮ್ಮ ಸೀಸನ್ ಒಂದು ಬೆಳಗ್ಗೆ ಶುರುವಾಗಿ ಅದೇ ದಿನ ಊಟಕ್ಕೆ ಮೊದಲೇ ಮುಗಿದಿತ್ತು. ಎರಡು ಸೆಟ್, ಅಷ್ಟೇ. ವಾಪಸ್ ಬರುವ ಬಸ್ಸಿನಲ್ಲಿ ಎಲ್ಲರೂ ಡ್ರಾಗೆ ಬೈದೆವು. ಸೀಸನ್ ಇಷ್ಟು ಸಣ್ಣದು ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಈಗಲೂ ಹೆಚ್ಚಿನವರು ಕೇಳುವುದಿಲ್ಲ. ವೇಳಾಪಟ್ಟಿ ಗಟ್ಟಿಯೋ ಪೊಳ್ಳೋ ಎಂದು ಅಳೆಯುವ ಕ್ರಮ ಗೊತ್ತಾದರೆ ಈ ಪ್ರಶ್ನೆ ತಾನಾಗಿಯೇ ಬರುತ್ತದೆ.

ಗೆಲುವಿಗಿಂತ ಎದುರಾಳಿ ಮುಖ್ಯ

2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರ ವಾಲಿಬಾಲ್ ತಂಡ ಮೊದಲು ಕಾಂಬೋಡಿಯಾವನ್ನು 3-0ಯಿಂದ ಸೋಲಿಸಿತು. ಮರುದಿನ ದಕ್ಷಿಣ ಕೊರಿಯಾವನ್ನು 3-2ರಿಂದ, ಕೊನೆಯ ಸೆಟ್ಟನ್ನು 17-15ರಿಂದ ಗೆದ್ದಿತು. ಕರ್ನಾಟಕದ ಅಶ್ವಲ್ ರೈ ಆ ತಂಡದಲ್ಲಿದ್ದರು. ಆಗ ವಿಶ್ವ ರ‍್ಯಾಂಕಿಂಗ್‌ನಲ್ಲಿ ಕೊರಿಯಾ 27, ನಾವು 73. ಕಾಗದದ ಮೇಲೆ 3-0 ದೊಡ್ಡ ಗೆಲುವು. ಆದರೆ ಭಾರತದ ತಂಡ ಎಷ್ಟು ಗಟ್ಟಿ ಎಂದು ಲೋಕಕ್ಕೆ ಗೊತ್ತಾದದ್ದು 3-2ರಲ್ಲಿ. ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಶನ್ 2020ರಿಂದ ಬಳಸುತ್ತಿರುವ ರ‍್ಯಾಂಕಿಂಗ್ ಪದ್ಧತಿಯೂ ಹೀಗೇ ಯೋಚಿಸುತ್ತದೆ: ಯಾರ ಎದುರು ಆಡಿದಿರಿ, ಎಷ್ಟು ಸೆಟ್ಟಿನ ಅಂತರದಲ್ಲಿ ಗೆದ್ದಿರಿ ಅಥವಾ ಸೋತಿರಿ ಎಂಬುದಕ್ಕೆ ತಕ್ಕಂತೆ ಅಂಕ ಏರುತ್ತದೆ, ಇಳಿಯುತ್ತದೆ.

ಕಾಲೇಜು ಮಟ್ಟದಲ್ಲಿ ಇದನ್ನು ದೊಡ್ಡ ಲೆಕ್ಕಾಚಾರ ಮಾಡಿಕೊಂಡವರು ಅಮೆರಿಕದವರು. ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ, ಮಹಿಳೆಯರ ವಾಲಿಬಾಲ್‌ನಲ್ಲಿ 64 ತಂಡಗಳ ಅಂತಿಮ ಟೂರ್ನಿಗೆ ತಂಡಗಳನ್ನು ಆರಿಸಲು ವರ್ಷಾನುಗಟ್ಟಲೆ ಆರ್‌ಪಿಐ ಎಂಬ ಸೂಚ್ಯಂಕ ಬಳಸಿದೆ. ಮೂಲ ಸೂತ್ರ ಸರಳ. ನಿಮ್ಮ ಗೆಲುವಿನ ಪ್ರಮಾಣಕ್ಕೆ 25% ತೂಕ, ನಿಮ್ಮ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ 50%, ಆ ಎದುರಾಳಿಗಳ ಎದುರಾಳಿಗಳದ್ದಕ್ಕೆ 25%. ಅಂದರೆ ಮುಕ್ಕಾಲು ಪಾಲು ತೂಕ ನಿಮ್ಮ ವೇಳಾಪಟ್ಟಿಗೇ.

ಒಂದು ಉದಾಹರಣೆ ಹಾಕಿ ನೋಡೋಣ. 'ಎ' ತಂಡ 10ರಲ್ಲಿ 5 ಗೆದ್ದಿದೆ, ಆದರೆ ಅದರ ಎದುರಾಳಿಗಳ ಸರಾಸರಿ 0.70, ಅವರ ಎದುರಾಳಿಗಳದ್ದು 0.60. ಸೂಚ್ಯಂಕ 0.625. 'ಬಿ' ತಂಡ 10ರಲ್ಲಿ 9 ಗೆದ್ದಿದೆ, ಎದುರಾಳಿಗಳು 0.35, ಅವರ ಎದುರಾಳಿಗಳು 0.45. ಸೂಚ್ಯಂಕ 0.5125. ಅರ್ಧಕ್ಕರ್ಧ ಸೋತ ತಂಡವೇ ಮೇಲೆ. ಹಾಗಾಗಿ ಅಲ್ಲಿನ ಕೋಚ್‌ಗಳು ಸೀಸನ್ ಶುರುವಿನಲ್ಲಿ ಬಲಿಷ್ಠ ತಂಡಗಳನ್ನು ಹುಡುಕಿಕೊಂಡು ಹೋಗಿ ಆಡುತ್ತಾರೆ. ನಾವು "ಸುಲಭ ಡ್ರಾ" ಎಂದು ಖುಷಿಪಡುವುದನ್ನು ಅವರು ನಷ್ಟ ಎಂದುಕೊಳ್ಳುತ್ತಾರೆ.

ನಮ್ಮಲ್ಲಿ ಈ ಸೂತ್ರ ಯಾಕೆ ನಡೆಯುವುದಿಲ್ಲ

ಹಾಗಾದರೆ ನಮ್ಮ ಪಂದ್ಯಾಟಕ್ಕೂ ಇದನ್ನೇ ಹಚ್ಚಬಹುದಲ್ಲ? ಹಚ್ಚಿ ನೋಡಿದೆ. ಫಲಿತಾಂಶ ತಮಾಷೆಯಾಗಿದೆ.

16 ತಂಡಗಳ ನಾಕೌಟ್ ಎಂದಿಟ್ಟುಕೊಳ್ಳಿ. ಚಾಂಪಿಯನ್ ತಂಡ ನಾಲ್ವರನ್ನು ಸೋಲಿಸುತ್ತದೆ. ಮೊದಲ ಸುತ್ತಿನಲ್ಲಿ ಸೋತವರ ದಾಖಲೆ 0-1, ಕ್ವಾರ್ಟರ್‌ನಲ್ಲಿ ಸೋತವರದ್ದು 1-1, ಸೆಮಿಯಲ್ಲಿ 2-1, ಫೈನಲ್‌ನಲ್ಲಿ 3-1. ಸರಾಸರಿ ತೆಗೆದರೆ ಸುಮಾರು 0.48. ಎದುರಾಳಿಗಳು ದೇಶದ ಅತ್ಯುತ್ತಮ ತಂಡಗಳಾಗಿದ್ದರೂ 0.48, ನಿನ್ನೆ ಬಾಲ್ ಹಿಡಿದವರಾಗಿದ್ದರೂ 0.48. ಈ ಅಂಕಿ ಹೇಳುವುದು ಪಂದ್ಯಾಟದ ಮಾದರಿಯ ಬಗ್ಗೆ ಮಾತ್ರ, ಎದುರಾಳಿಗಳ ಬಲದ ಬಗ್ಗೆ ಒಂದಕ್ಷರವೂ ಅಲ್ಲ.

ಇನ್ನೂ ಒಂದು ಲೆಕ್ಕ. 16 ತಂಡಗಳ ನಾಕೌಟ್‌ನಲ್ಲಿ ಒಟ್ಟು 15 ಪಂದ್ಯ. ಅದರಲ್ಲಿ 8 ತಂಡಗಳಿಗೆ, ಅಂದರೆ ಅರ್ಧದಷ್ಟು ಕಾಲೇಜುಗಳಿಗೆ, ಸಿಗುವುದು ಒಂದೇ ಪಂದ್ಯ. ಸರಾಸರಿ ತೆಗೆದರೂ ತಂಡಕ್ಕೆ ಎರಡು ಪಂದ್ಯ ಇಲ್ಲ. ಅಮೆರಿಕದ ಕಾಲೇಜು ತಂಡವೊಂದು ಸೀಸನ್‌ಗೆ 30ರ ಆಸುಪಾಸು ಪಂದ್ಯ ಆಡುತ್ತದೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ, ಸರಿ. ಆದರೆ ಮೂವತ್ತಕ್ಕೂ ಒಂದಕ್ಕೂ ನಡುವೆ ಬೇರೆ ಅಂಕಿಗಳೂ ಇವೆ.

ಆದ್ದರಿಂದ ನಮ್ಮ ಕಾಲೇಜು ತಂಡದ ವೇಳಾಪಟ್ಟಿ ನೋಡುವಾಗ ನಾನು ಕೇಳುವ ಮೊದಲ ಪ್ರಶ್ನೆ "ಎದುರಾಳಿ ಯಾರು?" ಅಲ್ಲ, "ಖಾತ್ರಿಯಾಗಿ ಎಷ್ಟು ಪಂದ್ಯ?" ಎಂಬುದು.

ಯಾವ ವಿವಿ ಎಂಬುದರಲ್ಲಿದೆ ಡ್ರಾ

ಎದುರಾಳಿ ಯಾರು ಎಂಬುದು ಕೂಡ ನಮ್ಮಲ್ಲಿ ಚೀಟಿ ಎತ್ತುವ ಮುಂಚೆಯೇ ಅರ್ಧ ತೀರ್ಮಾನವಾಗಿರುತ್ತದೆ. ಲೈಟ್‌ಹೌಸ್ ಹಿಲ್‌ನಿಂದ ಕೊಣಾಜೆಗೆ ಹೋಗುವ ದಾರಿ ನೆನಪಿಸಿಕೊಳ್ಳಿ. ಗುಡ್ಡದ ಮೇಲೆ 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್. 2024ರಿಂದ ಅದು ಡೀಮ್ಡ್ ವಿಶ್ವವಿದ್ಯಾನಿಲಯ. ದೇರಳಕಟ್ಟೆಗೆ ಬಂದರೆ ನಿಟ್ಟೆ ಮತ್ತು ಯೆನೆಪೋಯ, ಅವೂ ಡೀಮ್ಡ್. ಕೊಣಾಜೆಯಲ್ಲಿ 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾನಿಲಯ. ಸುತ್ತಲಿನ ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ವ್ಯಾಪ್ತಿಗೆ. ಸುರತ್ಕಲ್‌ನ ಎನ್‌ಐಟಿಕೆ ಬೇರೆಯೇ. ಒಂದೇ ಸಿಟಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬರುವ ಇಬ್ಬರು ಆಟಗಾರರು ಮೂರು ವರ್ಷದಲ್ಲಿ ಒಂದು ಅಧಿಕೃತ ಪಂದ್ಯದಲ್ಲೂ ನೆಟ್‌ನ ಆಚೆ ಈಚೆ ನಿಲ್ಲದೆ ಇರಬಹುದು.

ಒಂದು ಕಾಲೇಜು ಡೀಮ್ಡ್ ಆದ ಕೂಡಲೇ ಅದು ಮಂಗಳೂರು ವಿವಿಯ ಅಂತರ್ ಕಾಲೇಜು ಕೂಟದಿಂದ ಹೊರಗೆ. ಉಳಿದವರಿಗೆ ಒಬ್ಬ ಎದುರಾಳಿ ಕಡಿಮೆ. ಕೊಡಗಿನದ್ದೂ ಇದೇ ಕಥೆ. ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾನಿಲಯ ಮಾಡಿ ಅಲ್ಲಿನ ಕಾಲೇಜುಗಳನ್ನು ಮಂಗಳೂರಿನಿಂದ ಬೇರ್ಪಡಿಸಲಾಯಿತು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಕೊಡಗು ಸೇರಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚಲು ಶಿಫಾರಸು ಮಾಡಿತು. ಈ ಗಲಾಟೆಯಲ್ಲಿ ಅಂಕಪಟ್ಟಿ, ಸಿಬ್ಬಂದಿ, ಅನುದಾನದ ಚರ್ಚೆ ಬೇಕಾದಷ್ಟಾಯಿತು. ವಿರಾಜಪೇಟೆಯ ಹುಡುಗಿಯೊಬ್ಬಳು ಮುಂದಿನ ವರ್ಷ ಯಾರ ಎದುರು ಆಡುತ್ತಾಳೆ, ಯಾರ ಕಣ್ಣಿಗೆ ಬೀಳುತ್ತಾಳೆ ಎಂಬುದೂ ಅದೇ ನಿರ್ಧಾರಕ್ಕೆ ಕಟ್ಟಿಕೊಂಡಿದೆ ಎಂದು ಯಾರೂ ಹೇಳಲಿಲ್ಲ.

ಸರ್ಟಿಫಿಕೇಟಿನ ಲೆಕ್ಕ

ಇದು ಬರೀ ಆಟದ ವಿಷಯ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕ್ರೀಡಾ ಕೋಟಾದಲ್ಲಿ ಕೇಂದ್ರ ಸರ್ಕಾರದ ಹುದ್ದೆಗೆ ಅರ್ಹತೆ ಪಡೆಯುವ ದಾರಿಗಳಲ್ಲಿ ಒಂದು, ಅಂತರ್ ವಿಶ್ವವಿದ್ಯಾನಿಲಯ ಟೂರ್ನಿಯಲ್ಲಿ ನಿಮ್ಮ ವಿವಿಯನ್ನು ಪ್ರತಿನಿಧಿಸಿರುವುದು. ಪದಕ ಗೆದ್ದವರಿಗೆ ಆದ್ಯತೆ ಮೊದಲು, ಬರೀ ಆಡಿದವರು ಅವರ ನಂತರ. ಆದರೆ ಬಾಗಿಲು ತೆರೆಯುವುದು ಆ ಸರ್ಟಿಫಿಕೇಟಿನಿಂದ. ಅಂತರ್ ಕಾಲೇಜು ಕೂಟದಲ್ಲಿ ಆಡಿದ ಸರ್ಟಿಫಿಕೇಟಿಗೆ ಅಲ್ಲಿ ಬೆಲೆ ಇಲ್ಲ.

ಈಗ ಇಬ್ಬರು ಆಟಗಾರರನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬ ಡೀಮ್ಡ್ ವಿವಿಯ ವಿದ್ಯಾರ್ಥಿ. ಅವನ ಕಾಲೇಜಿನ ತಂಡವೇ ವಿಶ್ವವಿದ್ಯಾನಿಲಯದ ತಂಡ. ತಂಡಕ್ಕೆ ಆಯ್ಕೆಯಾದರೆ ನೇರ ದಕ್ಷಿಣ ವಲಯ ಅಂತರ್ ವಿವಿ ಟೂರ್ನಿಗೆ ಹೋಗುತ್ತಾನೆ. ಇನ್ನೊಬ್ಬ ಮಂಗಳೂರು ವಿವಿಗೆ ಸೇರಿದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವನು. ಅವನು ಮೊದಲು ಕಾಲೇಜು ತಂಡಕ್ಕೆ ಬರಬೇಕು, ನಾಕೌಟ್‌ನಲ್ಲಿ ಆಯ್ಕೆಗಾರರ ಕಣ್ಣಿಗೆ ಬೀಳುವಷ್ಟು ಹೊತ್ತು ಉಳಿಯಬೇಕು, ಕ್ರೀಡಾ ಹಾಸ್ಟೆಲ್ ಇಟ್ಟು ಆಟಗಾರರನ್ನು ಬೆಳೆಸುವ ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್‌ನಂಥ ಕಾಲೇಜುಗಳ ಆಟಗಾರರ ಜೊತೆ ಪೈಪೋಟಿ ಮಾಡಿ ವಿವಿ ತಂಡದ ಹನ್ನೆರಡು-ಹದಿನಾಲ್ಕು ಜನರಲ್ಲಿ ಒಬ್ಬನಾಗಬೇಕು. ಒಳ್ಳೆಯ ಸೆಟ್ಟರ್ ಆಗಿದ್ದೂ ಮೊದಲ ಸುತ್ತಿನಲ್ಲೇ ತಂಡ ಸೋತರೆ ಅವನಿಗೆ ಸಿಕ್ಕಿದ್ದು ಎರಡು ಸೆಟ್, ಹೆಚ್ಚೆಂದರೆ ಒಂದು ಗಂಟೆ. ರಿಸೀವ್ ಸರಿ ಬರದ ತಂಡದಲ್ಲಿ ಸೆಟ್ಟರ್ ಎಷ್ಟು ಒಳ್ಳೆಯವನು ಎಂದು ಒಂದು ಗಂಟೆಯಲ್ಲಿ ಯಾರು ತಾನೇ ಹೇಳಬಲ್ಲರು?

ಹಾಗೆಂದು ಡೀಮ್ಡ್ ವಿವಿಯವರದ್ದು ಹೂವಿನ ಹಾಸಿಗೆ ಅಂತ ಅಲ್ಲ. ದಕ್ಷಿಣ ವಲಯದಲ್ಲಿ ಚೆನ್ನೈಯ ಎಸ್‌ಆರ್‌ಎಂ, ಕೇರಳದ ಕ್ಯಾಲಿಕಟ್‌ನಂಥ ವಿವಿಗಳಿವೆ. ವಲಯದಿಂದ ಅಖಿಲ ಭಾರತ ಹಂತಕ್ಕೆ ದಾಟುವುದು ನಾಲ್ಕೇ ತಂಡ. ತಯಾರಿಗೆ ಸ್ಥಳೀಯ ಪಂದ್ಯಗಳೇ ಇಲ್ಲದೆ ಅಲ್ಲಿಗೆ ಹೋದ ತಂಡ ಮೊದಲ ದಿನವೇ ರೈಲು ಹತ್ತಬಹುದು. ಒಬ್ಬನಿಗೆ ಸರ್ಟಿಫಿಕೇಟ್ ಇದೆ, ಪಂದ್ಯ ಇಲ್ಲ. ಇನ್ನೊಬ್ಬನಿಗೆ ಸರ್ಟಿಫಿಕೇಟೂ ಇಲ್ಲ, ಪಂದ್ಯವೂ ಇಲ್ಲ.

ನಿಜವಾದ ಸೀಸನ್ ರಾತ್ರಿ ನಡೆಯುತ್ತದೆ

ಮತ್ತೆ ಇಲ್ಲಿನ ಹುಡುಗರು ಇಷ್ಟು ಚೆನ್ನಾಗಿ ಆಡಲು ಕಲಿತದ್ದೆಲ್ಲಿ? ಉತ್ತರ ಕರಾವಳಿಯವರಿಗೆ ಗೊತ್ತು. ಮಳೆಗಾಲ ಮುಗಿದು ಗದ್ದೆ, ಶಾಲಾ ಮೈದಾನ ಒಣಗಿದ ಮೇಲೆ ಊರೂರಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ. ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್‌ಗಳ ಬ್ಯಾನರ್, ಮೈಕ್‌ನಲ್ಲಿ ತುಳು-ಕನ್ನಡ ಕಾಮೆಂಟರಿ, ನಗದು ಬಹುಮಾನ, ಶಾಶ್ವತ ಫಲಕ. ಕಾಲೇಜಿನ ಅಟ್ಯಾಕರ್ ಅಲ್ಲಿ ರೈಲ್ವೆಯಲ್ಲೋ ಪೊಲೀಸಿನಲ್ಲೋ ಇರುವ ಆಟಗಾರನ ಬ್ಲಾಕ್ ಎದುರು ಜಿಗಿಯುತ್ತಾನೆ. ವೇಳಾಪಟ್ಟಿಯ ಬಲ ಎಂಬುದು ನಮ್ಮಲ್ಲಿ ಎಲ್ಲಾದರೂ ಇದ್ದರೆ ಅಲ್ಲೇ ಇದೆ.

ಆದರೆ ಅದರಲ್ಲೂ ತೊಡಕುಂಟು. ಬೆಳಗಿನ ಜಾವ ಮೂರು ಗಂಟೆಗೆ ಫೈನಲ್ ಮುಗಿಸಿ ಎಂಟೂವರೆಗೆ ಕ್ಲಾಸಿಗೆ ಬರುವ ದೇಹಕ್ಕೆ ಅದರದ್ದೇ ಲೆಕ್ಕವಿದೆ. ಗಟ್ಟಿ ಮಣ್ಣಿನಲ್ಲಿ ಮೊಣಕಾಲು ಹೋದರೆ ಖರ್ಚು ಮನೆಯವರದ್ದೇ. ಹುಡುಗಿಯರಿಗೆ ಈ ರಾತ್ರಿಯ ಸೀಸನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅವರ ಪಾಲಿಗೆ ಕಾಲೇಜಿನ ಆ ಒಂದೆರಡು ಪಂದ್ಯಗಳೇ ಪೂರ್ತಿ ವೇಳಾಪಟ್ಟಿ. ಅಧಿಕೃತ ಸೀಸನ್ ತೆಳುವಾದಷ್ಟೂ ಪೆಟ್ಟು ಬೀಳುವುದು ಮೊದಲು ಅವರಿಗೆ.

ಒಂದು ದಿನ ಹೆಚ್ಚು ಕೊಟ್ಟರೆ

ಪರಿಹಾರ ದೊಡ್ಡದೇನಲ್ಲ. ಅದೇ 16 ತಂಡಗಳನ್ನು ನಾಲ್ಕು ಗುಂಪು ಮಾಡಿ ಲೀಗ್ ಕಮ್ ನಾಕೌಟ್ ಆಡಿಸಿ. ಗುಂಪಿನಲ್ಲಿ 24 ಪಂದ್ಯ, ಪ್ರತಿ ಗುಂಪಿನಿಂದ ಇಬ್ಬರು ಕ್ವಾರ್ಟರ್‌ಗೆ, ಅಲ್ಲಿಂದ 7 ಪಂದ್ಯ. ಒಟ್ಟು 31. ಬೆಸ್ಟ್ ಆಫ್ ತ್ರೀ ಪಂದ್ಯಕ್ಕೆ ಒಂದು ಗಂಟೆ ಎಂದು ಹಿಡಿದರೂ ಎರಡು ಅಂಕಣಗಳಲ್ಲಿ ಹದಿನೈದೂವರೆ ಗಂಟೆ. ಒಂದು ದಿನದ ಪಂದ್ಯಾಟ ಎರಡು ದಿನ ಆಗುತ್ತದೆ. ಬದಲಿಗೆ ಪ್ರತಿ ತಂಡಕ್ಕೂ ಮೂರು ಪಂದ್ಯ ಖಾತ್ರಿ, ಆಯ್ಕೆಗಾರರಿಗೆ ಪ್ರತಿ ಆಟಗಾರನನ್ನು ಮೂರು ಬಗೆಯ ಎದುರಾಳಿಗಳ ವಿರುದ್ಧ ನೋಡುವ ಅವಕಾಶ.

ಎರಡನೆಯದು, ವಿವಿಗಳ ಗೋಡೆ ದಾಟಿದ ಒಂದು ನಗರ ಲೀಗ್. ಎಂಟು ತಂಡ, ಎಲ್ಲರೂ ಎಲ್ಲರ ಎದುರು: 28 ಪಂದ್ಯ. ಭಾನುವಾರಕ್ಕೆ ನಾಲ್ಕರಂತೆ ಏಳು ಭಾನುವಾರ. ಪ್ರಯಾಣ ಸಿಟಿ ಬಸ್ಸಿನಲ್ಲೇ ಮುಗಿಯುತ್ತದೆ. ಇದರಿಂದ ಕೋಟಾಕ್ಕೆ ಬೇಕಾದ ಸರ್ಟಿಫಿಕೇಟ್ ಸಿಗುವುದಿಲ್ಲ, ನಿಜ. ಆದರೆ ಸರ್ಟಿಫಿಕೇಟ್ ಕೊಡಿಸುವ ತಂಡಕ್ಕೆ ಹೋಗುವಷ್ಟು ಆಟ ಸಿಗುತ್ತದೆ. ಏಳು ಪಂದ್ಯಗಳ ಸೆಟ್ ಸ್ಕೋರ್‌ಗಳನ್ನು ಸಾರ್ವಜನಿಕವಾಗಿ ಹಾಕಿದರೆ ಯಾವ ತಂಡ ಎಷ್ಟು ಬಲಿಷ್ಠ ಎಂದು ಹೇಳಲು ಆಗ ನಿಜಕ್ಕೂ ಒಂದು ಸೂತ್ರ ಕೆಲಸ ಮಾಡುತ್ತದೆ.

ಆಕ್ಷೇಪಗಳು ನನಗೂ ಗೊತ್ತು. ಹೆಚ್ಚಿನ ಕಾಲೇಜುಗಳಲ್ಲಿ ಕಬಡ್ಡಿಯಿಂದ ಚೆಸ್ ತನಕ ಎಲ್ಲದಕ್ಕೂ ಇರುವುದು ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಆಮೇಲೆ ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ, ಹಾಜರಾತಿ. ಆತಿಥೇಯ ಕಾಲೇಜಿಗೆ ಒಂದು ದಿನ ಹೆಚ್ಚೆಂದರೆ ಊಟ, ವಸತಿ, ಅಂಪೈರ್ ಖರ್ಚು. ಇವೆಲ್ಲ ಸುಳ್ಳಲ್ಲ. ಆದರೆ ಇವು ಕ್ಯಾಲೆಂಡರ್ ಮತ್ತು ಬಜೆಟ್ಟಿನ ಸಮಸ್ಯೆಗಳು. ಪ್ರವೇಶದ ರಸೀದಿಯಲ್ಲಿ ಕ್ರೀಡಾ ಶುಲ್ಕ ಎಂಬ ಸಾಲು ಇರುತ್ತದೆ, ಮೈದಾನ ನೋಡದ ವಿದ್ಯಾರ್ಥಿಯೂ ಅದನ್ನು ಕಟ್ಟಿರುತ್ತಾನೆ. ಆ ದುಡ್ಡಿಗೆ ವರ್ಷಕ್ಕೆ ಕನಿಷ್ಠ ಎಷ್ಟು ಪಂದ್ಯ ಎಂದು ಕೇಳುವ ಹಕ್ಕು ವಿದ್ಯಾರ್ಥಿ ಸಂಘಟನೆಗಳಿಗಿದೆ. ಶುಲ್ಕ ಏರಿಕೆಗೆ ರಸ್ತೆಗಿಳಿಯುವ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಈ ಸಾಲನ್ನು ನಾನು ಇನ್ನೂ ನೋಡಿಲ್ಲ.

ಆದ್ದರಿಂದ ಈ ಸಲ ಡ್ರಾದ ಫೋಟೋ ನಿಮ್ಮ ಗ್ರೂಪಿಗೆ ಬಂದಾಗ ಉಜಿರೆ ಯಾವ ಸೈಡ್, ಆಳ್ವಾಸ್ ಯಾವ ಸೈಡ್ ಎಂದು ನೋಡುವ ಮುಂಚೆ ಪಟ್ಟಿಯ ಎಡಗಡೆ ಅಂಚಿಗೆ ಕಣ್ಣಿಡಿ. ಸೋತ ಮೇಲೂ ಇನ್ನೊಂದು ಪಂದ್ಯ ಇರುವ ತಂಡಗಳು ಎಷ್ಟಿವೆ ಎಣಿಸಿ. ಉತ್ತರ ಸೊನ್ನೆ ಬಂದರೆ ಆ ಫೋಟೋವನ್ನು ನಿಮ್ಮ ಪಿ.ಇ. ಸರ್‌ಗೂ, ಪ್ರಿನ್ಸಿಪಾಲರಿಗೂ, ನಿಮ್ಮ ಸಿಂಡಿಕೇಟ್ ಸದಸ್ಯರಿಗೂ ಕಳಿಸಿ, ಕೆಳಗೆ ಒಂದೇ ಪ್ರಶ್ನೆ ಬರೆಯಿರಿ: ಇನ್ನೊಂದು ದಿನ ಯಾಕೆ ಆಗುವುದಿಲ್ಲ?