ಹರಳಯ್ಯನ ವಾರಸುದಾರರಿಗೆ ಕಾಲೇಜಿನಲ್ಲಿ ಯಾವ ಆಸನ?

2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆಯು ಕೊಲ್ಹಾಪುರಿ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ಪ್ರದರ್ಶಿಸಿತು. ಆಕ್ಷೇಪಗಳೆದ್ದ ಬಳಿಕ, ಅವು ಭಾರತೀಯ ಕರಕುಶಲತೆಯಿಂದ ಪ್ರೇರಿತವೆಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್ ಹಾಗೂ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಈ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಎರಡೂ ರಾಜ್ಯಗಳ ತಲಾ ನಾಲ್ಕು ಜಿಲ್ಲೆಗಳಿವೆ. ನಮ್ಮ ಬೆಳಗಾವಿಯೂ ಅವುಗಳಲ್ಲೊಂದು. ಅಥಣಿ, ಮದಭಾವಿ, ನಿಪ್ಪಾಣಿಗಳ ಕುಶಲಕರ್ಮಿಗಳು ತಲೆಮಾರುಗಳಿಂದ ಇದನ್ನು ಮಾಡುತ್ತ ಬಂದಿದ್ದಾರೆ.

ಈ ಘಟನೆಯಿಂದ ನಾವು ಕಲಿಯಬೇಕಾದುದೊಂದಿದೆ. ದುಡಿಯುವ ಕೈ ನಮ್ಮದು. ವಿನ್ಯಾಸದ ಹಾಳೆ ಮತ್ತೊಬ್ಬರದು. ಬೆಲೆ ನಿರ್ಧಾರವಾಗುವುದು ಆ ಹಾಳೆಯ ಮೇಲೆ. ರೇಖೆ, ವರ್ಣ, ಪ್ರಮಾಣ, ಆಕಾರಗಳನ್ನು ಶಾಸ್ತ್ರೀಯವಾಗಿ ಕಲಿತವನೇ ತನ್ನ ಕೃತಿಗೆ ತಾನು ಒಡೆಯನಾಗಬಲ್ಲನು.

ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಮಕ್ಕಳು ಕಲಾಶಿಕ್ಷಣಕ್ಕೆ ಧಾರವಾಡ, ಹುಬ್ಬಳ್ಳಿ ಅಥವಾ ಕೊಲ್ಹಾಪುರದಂತಹ ನಗರಗಳತ್ತ ನೋಡುವುದೇ ರೂಢಿಯಾಗಿದೆ. ಪ್ರೌಢಶಾಲೆಯಲ್ಲಿ ಲೋಯರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆ ಮುಗಿಸಿದ ಅದೆಷ್ಟೋ ಮಕ್ಕಳ ಕುಂಚ ಅಲ್ಲಿಗೇ ನಿಲ್ಲುತ್ತದೆ. ಪರಸ್ಥಳದ ಖರ್ಚು ಹೊರಲಾರದ ಮನೆಯವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಆ ದಾರಿ ಇನ್ನೂ ದೂರ.

ಇದಕ್ಕೆ ಹೊಸ ವಿಶ್ವವಿದ್ಯಾಲಯವೇ ಬೇಕೆಂದಿಲ್ಲ. ಇರುವ ಕಾಲೇಜಿನಲ್ಲಿಯೇ ಪ್ರಮಾಣಪತ್ರ ಹಾಗೂ ಡಿಪ್ಲೊಮಾ ತರಗತಿ ನಡೆಸುವ ಸಮುದಾಯ ಕಾಲೇಜು ಎಂಬ ಮಾದರಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ ರೂಪಿಸಿದೆ. ಅದರಲ್ಲಿ ಶೇ. 60ರಷ್ಟು ಕೌಶಲ, ಶೇ. 40ರಷ್ಟು ಸಾಮಾನ್ಯ ಶಿಕ್ಷಣ. ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜು, ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜುಗಳಂತಹ ವಿದ್ಯಾಕೇಂದ್ರಗಳು ಸಮಾಜದ ದಾಸೋಹಬುದ್ಧಿಯಿಂದ ಬೆಳೆದು ನಿಂತಿವೆ. ಗಾಳಿಬೆಳಕಿನ ಒಂದು ಕೋಣೆ ಚಿತ್ರಶಾಲೆಯಾಗುವುದು ಅಸಾಧ್ಯವೇನಲ್ಲ.

ಕಠಿಣವಾದ ಪ್ರಶ್ನೆ ಬೇರೆಯೇ ಇದೆ: ಅಲ್ಲಿ ಗುರು ಯಾರು? ಹರಳಯ್ಯ-ಕಲ್ಯಾಣಮ್ಮ ಶರಣ ದಂಪತಿ ಬಸವಣ್ಣನವರಿಗಾಗಿ ಚಮ್ಮಾವುಗೆ ಮಾಡಿದ ಕಥೆಯನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಅದೇ ಕಾಯಕದ ಇಂದಿನ ವಾರಸುದಾರನನ್ನು ತರಗತಿಯ ಬಾಗಿಲಾಚೆ ನಿಲ್ಲಿಸಿದರೆ ಆ ಭಕ್ತಿಗೆ ಅರ್ಥವೇನು? ಪದವಿಯಿಲ್ಲದಿದ್ದರೂ ಅವನನ್ನು ಗೌರವಧನ ಸಹಿತ ಗುರುಪೀಠದಲ್ಲಿ ಕೂರಿಸಬೇಕು. ಅವನ ಮಗಳು ಅದೇ ಕೋಣೆಯಲ್ಲಿ ವಿನ್ಯಾಸ ಕಲಿಯಬೇಕು. ನಮ್ಮ ಮನೆಯ ಮಕ್ಕಳು ಅವಳ ಪಕ್ಕದಲ್ಲಿ ಕುಳಿತುಕೊಳ್ಳಬೇಕು.

ಚಿತ್ರ ಬರೆದರೆ ಹೊಟ್ಟೆ ತುಂಬೀತೇ ಎಂಬ ತಂದೆತಾಯಿಯರ ಆತಂಕ ಸುಳ್ಳಲ್ಲ. ಡಿಪ್ಲೊಮಾ ಒಂದೇ ಅನ್ನ ನೀಡುವುದಿಲ್ಲ. ಕಲಿಕೆಯ ಜೊತೆಗೆ ಮಾರುಕಟ್ಟೆಯ ಸಂಪರ್ಕವೂ ಬೇಕು. ಆದರೆ ಕಲಿಯಲು ಅವಕಾಶವನ್ನೇ ಕೊಡದೆ ಕಲೆಯನ್ನು ನಿಷ್ಪ್ರಯೋಜಕವೆನ್ನುವುದು ನ್ಯಾಯವಲ್ಲ.

ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿರುವ ಸದ್ಭಕ್ತರು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲೇ ಈ ವಿಚಾರವನ್ನು ಸಭೆಯ ಮುಂದಿಡಬೇಕೆಂದು ನಾವು ಕೋರುತ್ತೇವೆ.